ಕಲ್ಲು ಕೆಲಸಗಾರರ ಆರೋಗ್ಯ ತಪಾಸಣೆ: ವೃತ್ತಿ ವಿವರವೇ ಮೊದಲ ಹೆಜ್ಜೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಚಪ್ಪಡಿ ಕತ್ತರಿಸುವ ಶೆಡ್ಡು ಅಥವಾ ವಿಗ್ರಹ ಕೆತ್ತುವ ಮನೆಗಳಿರುವ ಗ್ರಾಮಗಳಲ್ಲಿ ಸಾಮಾನ್ಯ ಆರೋಗ್ಯ ಶಿಬಿರವೊಂದೇ ಸಾಲದು. ರಕ್ತದೊತ್ತಡ, ಸಕ್ಕರೆ ಅಂಶ, ದೃಷ್ಟಿ ಎಲ್ಲವೂ ಸರಿಯಾಗಿರುವ ಕಾರ್ಮಿಕನ ಶ್ವಾಸಕೋಶವು ಒಳಗೊಳಗೇ ಗಟ್ಟಿಯಾಗುತ್ತಿರಬಹುದು. ಕಲ್ಲಿನ ಧೂಳಿನಿಂದ ಬರುವ ಈ ರೋಗದ ಹೆಸರು ಸಿಲಿಕೋಸಿಸ್. ಇದನ್ನು ಕಾಲಕ್ಕೆ ಸರಿಯಾಗಿ ಗುರುತಿಸುವುದರಲ್ಲಿ ಹಾಗೂ ರೋಗಿಯ ಕುಟುಂಬಕ್ಕೆ ನೆರವು ದೊರಕಿಸುವುದರಲ್ಲಿ ಪಂಚಾಯಿತಿಯ ಪಾತ್ರವೇನೆಂಬುದು ಈ ಪಾಠದ ವಿಷಯ.

1. ರೋಗದ ಸ್ವರೂಪ

ಗ್ರಾನೈಟಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಗಣನೀಯ ಪ್ರಮಾಣದಲ್ಲಿದೆ. ಮರಳುಗಲ್ಲಿನಲ್ಲಿ ಅದು ಇನ್ನೂ ಹೆಚ್ಚು. ಶಹಾಬಾದಿನಂತಹ ಸುಣ್ಣಗಲ್ಲಿನಲ್ಲಿ ಕಡಿಮೆ. ಕಲ್ಲನ್ನು ಒಡೆದಾಗ ಕಣ್ಣಿಗೆ ಕಾಣುವ ದಪ್ಪ ಧೂಳು ಬಹುಮಟ್ಟಿಗೆ ಮೂಗು, ಗಂಟಲುಗಳಲ್ಲಿಯೇ ತಡೆಯಲ್ಪಡುತ್ತದೆ. ಅಪಾಯವಿರುವುದು ಕಣ್ಣಿಗೆ ಕಾಣದ ಕಣಗಳಿಂದ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪಿ ಅಲ್ಲಿಯೇ ಉಳಿದು ಕಲೆಗಟ್ಟಿಸುತ್ತವೆ.

ಒಮ್ಮೆ ಕಲೆಗಟ್ಟಿದ ಭಾಗವು ಮತ್ತೆ ಮೊದಲಿನಂತಾಗುವುದಿಲ್ಲ. ಧೂಳಿನ ಕೆಲಸ ಬಿಟ್ಟ ನಂತರವೂ ರೋಗ ಮುಂದುವರಿಯಬಹುದು. ಸಾಮಾನ್ಯವಾಗಿ 10 ವರ್ಷಗಳಿಗೂ ಹೆಚ್ಚಿನ ದುಡಿಮೆಯ ಬಳಿಕ ರೋಗ ಕಾಣಿಸಿಕೊಳ್ಳುತ್ತದೆ. ಧೂಳು ಅತಿಯಾಗಿದ್ದಲ್ಲಿ ಬಹಳ ಬೇಗನೆ ಬರುತ್ತದೆ. ಉಳಿ, ಸುತ್ತಿಗೆಗಳ ಬದಲು ವಿದ್ಯುತ್ ಕಟರ್ ಬಳಸಿ ಒಣಗಲ್ಲನ್ನು ಕತ್ತರಿಸಿದಾಗ ಸೂಕ್ಷ್ಮ ಧೂಳು ಹೆಚ್ಚಾಗಿ ಏಳುತ್ತದೆ.

ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ. ಆ ಗಣಿ 2001ರಲ್ಲಿ ಮುಚ್ಚಿತು. ಆದರೆ ಗಣಿಯಲ್ಲಿದ್ದಂತೆ ಹಾಜರಿ ಪುಸ್ತಕವಾಗಲಿ, ಆಸ್ಪತ್ರೆಯಾಗಲಿ ಇಲ್ಲದ ಸಣ್ಣ ಶೆಡ್ಡುಗಳಲ್ಲಿ ಅದೇ ಧೂಳು ಇಂದಿಗೂ ಇದೆ.

2. ಕ್ಷಯವೆಂದು ಭಾವಿಸುವ ಅಪಾಯ

ಕೆಮ್ಮು, ಏದುಸಿರು, ಎದೆನೋವು, ತೂಕ ಇಳಿಯುವಿಕೆ ಇವು ಕ್ಷಯದಲ್ಲಿಯೂ ಸಿಲಿಕೋಸಿಸ್‌ನಲ್ಲಿಯೂ ಕಾಣುತ್ತವೆ. ಎಕ್ಸ್‌-ರೇ ಚಿತ್ರದಲ್ಲಿಯೂ ಒಂದನ್ನು ಮತ್ತೊಂದೆಂದು ಭಾವಿಸುವ ಸಾಧ್ಯತೆಯಿದೆ. ಇದಲ್ಲದೆ, ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಹೆಚ್ಚು. ಆದುದರಿಂದ ಎರಡೂ ಒಟ್ಟಿಗೆ ಇರಬಹುದು.

ಉದಾಹರಣೆಗೆ, 20 ವರ್ಷ ಚಪ್ಪಡಿ ಕತ್ತರಿಸಿದ ವ್ಯಕ್ತಿಯೊಬ್ಬರು ಆಸ್ಪತ್ರೆಯ ಚೀಟಿಯಲ್ಲಿ ವೃತ್ತಿಯನ್ನು ‘ಕೂಲಿ’ ಎಂದಷ್ಟೇ ಬರೆಸಿದರೆಂದು ಭಾವಿಸೋಣ. ಕ್ಷಯದ ಔಷಧವನ್ನು 6 ತಿಂಗಳು ಸೇವಿಸಿಯೂ ಏದುಸಿರು ನಿಲ್ಲುವುದಿಲ್ಲ. ಅವರು ಪುನಃ ಅದೇ ಶೆಡ್ಡಿಗೆ ಹೋಗುತ್ತಾರೆ. ಅವರು ತೀರಿಕೊಂಡ ಬಳಿಕ ಕುಟುಂಬವು ಪರಿಹಾರ ಕೇಳಲು ಹೋದರೆ, ರೋಗಕ್ಕೂ ವೃತ್ತಿಗೂ ಸಂಬಂಧವಿತ್ತೆಂದು ತೋರಿಸುವ ಒಂದು ಕಾಗದವೂ ಇರುವುದಿಲ್ಲ. ‘ಕೂಲಿ’ ಎಂಬ ಆ ಒಂದು ಪದದಿಂದ ಚಿಕಿತ್ಸೆಯ ದಾರಿಯೂ ತಪ್ಪಿತು, ಹಕ್ಕಿನ ದಾರಿಯೂ ಮುಚ್ಚಿತು.

ಕ್ಷಯದ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸಬಾರದೆಂಬುದನ್ನು ಸದಸ್ಯರು ಸ್ಪಷ್ಟವಾಗಿ ತಿಳಿಸತಕ್ಕದ್ದು.

3. ಪಂಚಾಯಿತಿ ಸಿದ್ಧಪಡಿಸಬೇಕಾದ ವೃತ್ತಿ ವಿವರ

ಯಾರು, ಎಲ್ಲಿ, ಎಷ್ಟು ವರ್ಷ ದುಡಿದರೆಂಬುದು ಗ್ರಾಮದವರಿಗೆ ತಿಳಿದಿರುತ್ತದೆ. ಅದನ್ನು ಬರಹಕ್ಕಿಳಿಸುವುದು ಪಂಚಾಯಿತಿಯಿಂದ ಸಾಧ್ಯವಾಗುವ ಕೆಲಸ. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಆಶಾ ಕಾರ್ಯಕರ್ತೆಯರ ನೆರವಿನಿಂದ ಪ್ರತಿಯೊಬ್ಬ ಕಲ್ಲು ಕೆಲಸಗಾರರ ಕುರಿತು ಒಂದು ಪುಟದ ವಿವರ ಸಿದ್ಧಪಡಿಸಬಹುದು:

ಅ) ಕೆಲಸದ ನಿರ್ದಿಷ್ಟ ಹೆಸರು: ಕಲ್ಲು ಒಡೆಯುವುದು, ಕತ್ತರಿಸುವುದು, ಪಾಲಿಶ್, ಕೆತ್ತನೆ, ಜಲ್ಲಿ ತುಂಬುವುದು.
ಆ) ಕಲ್ಲಿನ ಬಗೆ ಮತ್ತು ಬಳಸುವ ಯಂತ್ರ.
ಇ) ಆರಂಭಿಸಿದ ವರ್ಷ, ಒಟ್ಟು ವರ್ಷಗಳು, ದುಡಿದ ಸ್ಥಳಗಳು ಮತ್ತು ಮಾಲೀಕರು.
ಈ) ಹಿಂದೆ ಕ್ಷಯದ ಚಿಕಿತ್ಸೆ ಪಡೆದಿದ್ದರೆ ಅದರ ವಿವರ.

ಜಲ್ಲಿ ಹೊರುವ ಹೆಂಗಸರು, ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳಿಂದ ಬಂದವರು ಹಾಗೂ ಕೆಲಸ ಬಿಟ್ಟ ಹಿರಿಯರು ಪಟ್ಟಿಯಿಂದ ಹೊರಗುಳಿಯಬಾರದು. ಒಂದು ಪ್ರತಿ ಕಾರ್ಮಿಕರ ಕೈಯಲ್ಲಿರಲಿ. ರೋಗ ತಿಳಿದರೆ ಕೆಲಸ ಹೋಗುತ್ತದೆಂಬ ಭಯ ಅವರಲ್ಲಿ ಸಹಜ. ಆದ್ದರಿಂದ ಯಾರೊಬ್ಬರ ರೋಗದ ಮಾಹಿತಿಯನ್ನೂ ಗ್ರಾಮ ಸಭೆಯಲ್ಲಿ ಓದಬಾರದು, ಮಾಲೀಕರಿಗೆ ನೀಡಬಾರದು.

4. ತಪಾಸಣೆ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಂದಿಗೆ ದಿನ ನಿಗದಿಪಡಿಸುವಾಗ ಎದೆಯ ಎಕ್ಸ್‌-ರೇ, ಊದುವ ಯಂತ್ರದ ಮೂಲಕ ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಮತ್ತು ಕಫ ಪರೀಕ್ಷೆ ಈ ಮೂರನ್ನೂ ಕೋರಬೇಕು. ಸ್ಥಳೀಯವಾಗಿ ಸೌಲಭ್ಯವಿಲ್ಲದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವ ವ್ಯವಸ್ಥೆ ಮಾಡಬೇಕು. ಕೂಲಿ ತಪ್ಪದಂತೆ ವಾರದ ರಜೆಯ ದಿನವನ್ನು ಆರಿಸಿದರೆ ಹಾಜರಾತಿ ಹೆಚ್ಚುತ್ತದೆ. ವರ್ಷ ವರ್ಷದ ವರದಿಗಳನ್ನು ಹೋಲಿಸಿದಾಗಲೇ ವ್ಯತ್ಯಾಸ ತಿಳಿಯುವುದರಿಂದ ಹಳೆಯ ಚಿತ್ರ, ಚೀಟಿಗಳನ್ನು ಕಾಪಾಡಿಕೊಳ್ಳುವಂತೆ ತಿಳಿಸಬೇಕು.

5. ಧೂಳನ್ನು ತಡೆಯುವುದು

ರೋಗವನ್ನು ಗುಣಪಡಿಸುವ ಔಷಧವಿಲ್ಲ. ಧೂಳನ್ನು ತಡೆಯುವ ಉಪಾಯಗಳಿವೆ. ಕತ್ತರಿಸುವ ಜಾಗಕ್ಕೆ ನೀರು ಹರಿಸುವುದು, ಧೂಳನ್ನು ಎಳೆದುಕೊಳ್ಳುವ ಯಂತ್ರ ಅಳವಡಿಸುವುದು ಮತ್ತು ಒಣ ನೆಲವನ್ನು ಗುಡಿಸುವ ಬದಲು ಒದ್ದೆ ಮಾಡಿ ತೆಗೆಯುವುದು ಮುಖ್ಯ ಕ್ರಮಗಳು. ಮುಖಕ್ಕೆ ಕಟ್ಟಿದ ಟವೆಲು ಸೂಕ್ಷ್ಮ ಕಣಗಳನ್ನು ತಡೆಯದು. ಎನ್-95 ಮಾಸ್ಕ್ ಬೇಕು. ಅದೂ ಮುಖಕ್ಕೆ ಸರಿಯಾಗಿ ಕೂರಬೇಕು. ಪಂಚಾಯಿತಿಯಿಂದ ಪರವಾನಗಿ ಪಡೆಯುವ ಶೆಡ್ಡುಗಳಲ್ಲಿ ನವೀಕರಣದ ವೇಳೆ ನೀರಿನ ವ್ಯವಸ್ಥೆಯನ್ನು ಪರಿಶೀಲಿಸಬಹುದು. ಕ್ರಷರ್ ಧೂಳಿನ ದೂರುಗಳನ್ನು ಸಭೆಯ ನಿರ್ಣಯದೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು.

6. ನೆರವು

2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆ, 1948ರ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಸೇರಿತ್ತು. ಪರಿಹಾರದ ಕಾನೂನಿನಲ್ಲಿಯೂ ಇದು ವೃತ್ತಿಜನ್ಯ ರೋಗ. ಕಟ್ಟಡ ನಿರ್ಮಾಣಕ್ಕೆ ಸಂಬಂಧಿಸಿದ ಕಲ್ಲು ಕೆಲಸ ಮಾಡುವ, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ರೋಗ ಬರುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ. ವಿಗ್ರಹ ಕೆತ್ತುವವರು ಯಾವ ಯೋಜನೆಗೆ ಅರ್ಹರೆಂಬುದನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಂದ ವಿಚಾರಿಸಿ ತಿಳಿಸಬೇಕು.

ಮುಂದಿನ ಸಭೆಯ ಚರ್ಚೆಗೆ

• ನಮ್ಮ ವ್ಯಾಪ್ತಿಯಲ್ಲಿ ಕಲ್ಲಿನ ಧೂಳಿನಲ್ಲಿ ದುಡಿಯುವವರು ಎಷ್ಟು ಮಂದಿ? ಈ ಸಂಖ್ಯೆ ಯಾವ ಕಡತದಲ್ಲಿದೆ?
• ಅವರಲ್ಲಿ ಕ್ಷಯದ ಚಿಕಿತ್ಸೆ ಮುಗಿಸಿಯೂ ಏದುಸಿರು ಪಡುತ್ತಿರುವವರನ್ನು ವೈದ್ಯರ ಬಳಿಗೆ ವೃತ್ತಿ ವಿವರದೊಂದಿಗೆ ಕಳುಹಿಸಲಾಗಿದೆಯೇ?
• ತಪಾಸಣೆಯ ದಿನ ಮತ್ತು ವಾಹನದ ವೆಚ್ಚವನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲಾಗಿದೆಯೇ?