ಹಳೆ ಸೆಟ್ಟಿನ ರೆಸಿಸ್ಟರ್: ಸರಿ ಓಮ್ ಪಡೆಯುವ ಸೂತ್ರಗಳು

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯನ್ನು ಸುರೇಬಾನದ ಮನೆಗೆ ತಂದ ಹಳೆ ರೇಡಿಯೋ ಅಟ್ಟದ ಮೇಲಿದೆಯೇ? ಇಳಿಸಿ. ಮೀಟರ್ ಹಚ್ಚುವ ಮುನ್ನ ಇಷ್ಟು ನೋಡಿಕೊಳ್ಳಿ.

1. ಪ್ಲಗ್ ಕಿತ್ತರೆ ಸಾಲದು. ವಾಲ್ವ್ ಸೆಟ್ಟಿನ ಫಿಲ್ಟರ್ ಕೆಪಾಸಿಟರ್‌ನಲ್ಲಿ 250 ವೋಲ್ಟ್ ಉಳಿದಿದ್ದರೂ ಆಶ್ಚರ್ಯವಿಲ್ಲ. 10 ಕಿಲೋ ಓಮ್‌ನ 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಶನ್ ಇಕ್ಕಳದಲ್ಲಿ ಹಿಡಿದು ಕೆಲ ಸೆಕೆಂಡ್ ಹಚ್ಚಿ. ಡಿಸಿ ವೋಲ್ಟ್ ರೇಂಜಿನಲ್ಲಿ ಸೊನ್ನೆ ಬಂತೇ ನೋಡಿ. ಉಳಿದ ಚಾರ್ಜ್ ನಿಮಗೂ ಹೊಡೆಯುತ್ತದೆ, ಮೀಟರನ್ನೂ ಕೆಡಿಸುತ್ತದೆ.

2. ಒಂದು ಕಾಲು ಬಿಚ್ಚಿ ಅಳೆಯಿರಿ. ಬೋರ್ಡಿನಲ್ಲಿ ಕರೆಂಟಿಗೆ ಪಕ್ಕದ ದಾರಿಗಳಿರುತ್ತವೆ, ಹಾಗಾಗಿ ರೀಡಿಂಗ್ ಕಡಿಮೆ ಬರುತ್ತದೆ. 47 ಕಿಲೋ ಓಮ್ ಇರಬೇಕಾದದ್ದು 30 ತೋರಿಸಿದರೆ ಗಾಬರಿ ಬೇಡ, ರೆಸಿಸ್ಟರ್ ಚೆನ್ನಾಗಿಯೇ ಇರಬಹುದು. ಆದರೆ ಚಾರ್ಜ್ ಖಾಲಿ ಮಾಡಿದ ಮೇಲೂ ಬೋರ್ಡಿನಲ್ಲೇ 62 ಬಂತೆಂದರೆ ಬಿಚ್ಚಿ ನೋಡುವ ಅಗತ್ಯವೂ ಇಲ್ಲ, ಅದು ಹೋದಂತೆಯೇ. ರಿಪೇರಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಉಳಿಸುವ ಉಪಾಯ ನನಗೆ ಗೊತ್ತಿಲ್ಲ.

3. ಬೆಸುಗೆ ಬಿಚ್ಚಿದ ಕೂಡಲೇ ಅಳೆಯಬೇಡಿ, ಆರಲಿ.

4. ಕಾಲು ಕಪ್ಪಾಗಿದ್ದರೆ ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ರೀಡಿಂಗ್ ಕುಣಿಯುವುದಕ್ಕೆ ಬಹಳ ಸಲ ಈ ಕಿಲುಬೇ ಕಾರಣ.

5. ಎರಡೂ ಕೈ ತಾಗಿಸಬೇಡಿ. 1 ಮೆಗಾ ಓಮ್ ಅಳೆಯುವಾಗ ಎರಡೂ ತುದಿ ಬೆರಳಲ್ಲಿ ಒತ್ತಿ ಹಿಡಿದರೆ ನಿಮ್ಮ ಮೈಯೂ ಲೆಕ್ಕಕ್ಕೆ ಸೇರುತ್ತದೆ, ಬೆವರಿದ್ದರಂತೂ ಕೇಳಲೇಬೇಡಿ. 100 ಓಮ್‌ಗೆ ಈ ಚಿಂತೆಯಿಲ್ಲ.

6. ಜಾತ್ರೆ ಮೈಕ್‌ಸೆಟ್ಟಿನ ಆಂಪ್ಲಿಫೈಯರ್‌ನಲ್ಲಿರುವ 0.47 ಓಮ್‌ನಂಥ ಸಣ್ಣ ಬೆಲೆಗೆ ಮೀಟರಿನ ವಾಯರ್‌ಗಳೇ ಅಡ್ಡಿ. ತುದಿಗಳನ್ನು ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಿರಿ. ಇನ್ನೂ ಖಚಿತ ಬೇಕಾದರೆ 100 ಮಿಲಿ ಆಂಪಿಯರ್ ಹರಿಸಿ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿ. 47 ಮಿಲಿವೋಲ್ಟ್ ಬರಬೇಕು.

7. ಮುಳ್ಳಿನ ಮೀಟರಾದರೆ ರೇಂಜ್ ಬದಲಿಸಿದಾಗಲೆಲ್ಲ ಸೊನ್ನೆ ಹೊಂದಿಸಿ. ಮುಳ್ಳು ಸೊನ್ನೆಗೆ ಬಾರದಿದ್ದರೆ ಸೆಲ್ ಬದಲಿಸಿ.

8. ಕಂದು ಬಣ್ಣದ ಹಳೆ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳ ಮೇಲೆ ಕಣ್ಣಿರಲಿ. ತೇವ ಹೀರಿ ಇವುಗಳ ಬೆಲೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗ ತಾಲೂಕಿನ ಮನೆಗಳಿಗೆ ನುಗ್ಗಿದಾಗ ನೆನೆದ ಸೆಟ್ಟೇನಾದರೂ ನಿಮ್ಮಲ್ಲಿದ್ದರೆ ಮೊದಲು ಬೋರ್ಡಿನ ಕೆಸರು ತೊಳೆದು, ಚೆನ್ನಾಗಿ ಒಣಗಿಸಿ ಆಮೇಲೆ ಅಳೆಯಿರಿ. ತೇವದಿಂದ ಏರಿದ್ದು ಒಣಗಿದಾಗ ಅಷ್ಟಿಷ್ಟು ಇಳಿಯುತ್ತದೆ. ವರ್ಷಗಟ್ಟಲೆ ಕಾವು ತಿಂದು ಏರಿದ್ದು ಇಳಿಯುವುದಿಲ್ಲ. ಬೆಳ್ಳಿ ಪಟ್ಟಿ ಇದ್ದರೆ ಶೇ. 10, ನಾಲ್ಕನೇ ಪಟ್ಟಿಯೇ ಇಲ್ಲದಿದ್ದರೆ ಶೇ. 20 ಹೆಚ್ಚುಕಡಿಮೆ ಹುಟ್ಟಿನಿಂದಲೇ ಮಾಫಿ. ಅದನ್ನು ಮೀರಿದ್ದನ್ನು ಕಿತ್ತು ಹೊಸದು ಹಾಕಿ.