ಮಗ್ಗದ ಮೇಲೆ ಕಣ್ಣಿಡುವ ಗಣಕಯಂತ್ರ



ಮನೆಯಲ್ಲಿ ಅವ್ವ ಮೊರದಲ್ಲಿ ಅಕ್ಕಿ ಹಸನ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಕೈ ಆಡುತ್ತಿರುತ್ತದೆ, ಕಣ್ಣು ಹುಡುಕುತ್ತಿರುತ್ತದೆ. ಕರಿಕಾಳು, ಹರಳು ಕಂಡ ಕೂಡಲೇ ಬೆರಳು ಅದನ್ನು ಎತ್ತಿ ಒಗೆಯುತ್ತದೆ. ಈಗ ಅಂಗಡಿಯ ಅಕ್ಕಿ ಚೀಲದ ಮೇಲೆ ‘ಸಾರ್ಟೆಕ್ಸ್’ ಎಂದು ಬರೆದಿರುತ್ತದಲ್ಲ, ಹಂಗಂದ್ರ ಏನು?

ಸಾರ್ಟೆಕ್ಸ್ ಎಂಬುದು ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ಯಂತ್ರದ ಹೆಸರು. ಅಕ್ಕಿ ಗಿರಣಿಯಲ್ಲಿ ಕಾಳುಗಳು ಇಳಿಜಾರು ತಗಡಿನ ಮೇಲಿಂದ ಜಾರಿ ಬೀಳುವಾಗ ಕ್ಯಾಮರಾ ಅವನ್ನು ನೋಡುತ್ತದೆ. ಬಣ್ಣಗೆಟ್ಟ ಕಾಳು ಕಂಡರೆ ಸಣ್ಣ ನಳಿಕೆಯಿಂದ ಗಾಳಿ ‘ಫಟ್’ ಎಂದು ಊದಿ ಅದನ್ನು ಬೇರೆ ಕಡೆ ತಳ್ಳುತ್ತದೆ. ಅವ್ವನ ಕಣ್ಣಿನ ಕೆಲಸ ಕ್ಯಾಮರಾಕ್ಕೆ, ಬೆರಳಿನ ಕೆಲಸ ಗಾಳಿಗೆ.

ಯಂತ್ರವು ಚಿತ್ರ ನೋಡಿ ತಿಳಿದುಕೊಳ್ಳುವ ಈ ವಿದ್ಯೆಗೆ ‘ಗಣಕ ದೃಷ್ಟಿ’ ಎನ್ನುತ್ತಾರೆ. ರಬಕವಿ-ಬನಹಟ್ಟಿಯ ಮಗ್ಗಕ್ಕೆ, ಮುಧೋಳ, ಜಮಖಂಡಿ, ಬೀಳಗಿ ಕಡೆಯ ಕಬ್ಬಿನ ಗಾಣಕ್ಕೆ ಇದರಿಂದ ಏನು ಉಪಯೋಗ? ಇದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು? ಈ ಪಾಠದಲ್ಲಿ ತಿಳಿಯೋಣ.

1. ಯಂತ್ರ ಹ್ಯಾಂಗ ನೋಡತೈತಿ?

ಗಣಕಯಂತ್ರಕ್ಕೆ ಬಣ್ಣ ಗೊತ್ತಿಲ್ಲ, ಸೀರೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ. ಆದ್ದರಿಂದ ಚಿತ್ರವನ್ನು ಮೊದಲು ಸಣ್ಣ ಸಣ್ಣ ಚೌಕಗಳಾಗಿ ಮಾಡುತ್ತಾರೆ. ಒಂದೊಂದು ಚೌಕಕ್ಕೆ ‘ಪಿಕ್ಸೆಲ್’ ಎಂದು ಹೆಸರು. ಅಮೆರಿಕದಲ್ಲಿ 1957ರಲ್ಲಿ ರಸೆಲ್ ಕಿರ್ಶ್ ಎಂಬವರು ತಮ್ಮ ಮೂರು ತಿಂಗಳ ಮಗನ ಫೋಟೋವನ್ನು ಉದ್ದಕ್ಕೆ 176, ಅಡ್ಡಕ್ಕೆ 176 ಚೌಕಗಳಾಗಿ ಮಾಡಿ ಗಣಕಯಂತ್ರಕ್ಕೆ ಕೊಟ್ಟರು. ಗುಣಿಸಿ ನೋಡಿರಿ, 30,976 ಚೌಕ ಆಗುತ್ತವೆ.

ಈಗ ಸಾಮಾನ್ಯವಾಗಿ ಅಚ್ಚ ಕಪ್ಪಿಗೆ 0, ಅಚ್ಚ ಬಿಳುಪಿಗೆ 255, ನಡುವಿನ ಬೂದು ಬಣ್ಣಗಳಿಗೆ ನಡುವಿನ ಅಂಕಿ ಕೊಡುತ್ತಾರೆ. ಬಿಳಿ ಬಟ್ಟೆಯ ಕೆಳಗೆ ಕಪ್ಪು ಹಲಗೆ ಇಟ್ಟು ಐದು ಸಾಲು ಓದಿದಾಗ ಹೀಗೆ ಅಂಕಿ ಬಂದವು ಎಂದು ತಿಳಿಯಿರಿ:

201, 199, 200, 140, 200

ನಾಲ್ಕನೆಯ ಸಾಲಿನಲ್ಲಿ ಏನಾಗಿದೆ? ಹೊಕ್ಕಿನ ಎಳೆ ತಪ್ಪಿದೆ. ಸಂದಿಯಿಂದ ಕೆಳಗಿನ ಕಪ್ಪು ಕಂಡಿದೆ. “200ಕ್ಕಿಂತ 30 ಹೆಚ್ಚು ಅಥವಾ ಕಡಿಮೆ ಬಂದರೆ ಮಗ್ಗ ನಿಲ್ಲಿಸು” ಎಂದು ಮೊದಲೇ ಹೇಳಿಟ್ಟರೆ ಯಂತ್ರ ಅಲ್ಲಿಯೇ ನಿಲ್ಲುತ್ತದೆ. ಇಷ್ಟೇ ಇದರ ಗುಟ್ಟು.

ಬಟ್ಟೆ ನೋಡಲು ಒಂದು ಬಗೆಯ ಕ್ಯಾಮರಾ ಇದೆ. ಮಗ್ಗ ಒಂದೊಂದೇ ಹೊಕ್ಕು ಹಾಕುವ ಹಾಗೆ ಅದೂ ಒಂದೊಂದೇ ಸಾಲು ಓದುತ್ತದೆ. ಅದರ ಒಂದು ಸಾಲಿನಲ್ಲಿ 4096 ಚೌಕಗಳಿದ್ದು, ಬಟ್ಟೆಯ ಅಗಲ 1200 ಮಿಲಿಮೀಟರ್ ಇದ್ದರೆ, ಒಂದು ಚೌಕಕ್ಕೆ ಸುಮಾರು 0.3 ಮಿ.ಮೀ. ಬಟ್ಟೆ ಬರುತ್ತದೆ.

2. ಲಗೂ ಕಂಡರ ಏನು ಲಾಭ?

ಬಟ್ಟೆಯ ದೋಷ ಅಳೆಯಲು ವ್ಯಾಪಾರದಲ್ಲಿ ‘ನಾಲ್ಕು ಅಂಕದ ಪದ್ಧತಿ’ ಎಂಬುದಿದೆ. ದೋಷದ ಉದ್ದ 3 ಇಂಚಿನವರೆಗೆ ಇದ್ದರೆ 1 ಅಂಕ, 6ರವರೆಗೆ 2, 9ರವರೆಗೆ 3, ಅದಕ್ಕೂ ಹೆಚ್ಚಾದರೆ 4 ಅಂಕ. ಅಂಕ ಹೆಚ್ಚಾದಷ್ಟೂ ಬಟ್ಟೆಗೆ ಬೆಲೆ ಕಡಿಮೆ. ಪರೀಕ್ಷೆಯ ಅಂಕದಂತೆ ಅಲ್ಲ, ನೆನಪಿರಲಿ!

ಒಂದು ಮಗ್ಗ ನಿಮಿಷಕ್ಕೆ 120 ಹೊಕ್ಕು ಹಾಕುತ್ತದೆ, ಇಂಚಿಗೆ 60 ಹೊಕ್ಕು ಬೇಕು ಎನ್ನೋಣ. ಆಗ ನಿಮಿಷಕ್ಕೆ 2 ಇಂಚು ಬಟ್ಟೆ. ಹಾಸಿನ ಒಂದು ಎಳೆ ಹರಿದದ್ದು ನೇಕಾರನಿಗೆ 5 ನಿಮಿಷ ಕಾಣಲಿಲ್ಲ. ಆಗ 10 ಇಂಚು ಕೆಟ್ಟಿತು, 4 ಅಂಕ ಬಿತ್ತು. ಒಂದು ನಿಮಿಷದೊಳಗೆ ಕಂಡಿದ್ದರೆ ಒಂದೇ ಅಂಕ. ನಾಲ್ಕು ಮಗ್ಗ ನೋಡಿಕೊಳ್ಳುವ ಒಬ್ಬನ ಕಣ್ಣು ಒಂದೇ ಸಲ ನಾಲ್ಕೂ ಕಡೆ ಇರಲು ಆಗುವುದಿಲ್ಲ. ರಾತ್ರಿ ಪಾಳಿಯಲ್ಲಂತೂ ನಿದ್ದೆ ಎಳೆಯುತ್ತದೆ. ಕ್ಯಾಮರಾಕ್ಕೆ ನಿದ್ದಿ ಇಲ್ಲ.

‘ತಪ್ಪಾದ ಕೂಡಲೇ ನಿಲ್ಲು’ ಎಂಬ ವಿಚಾರ ಕ್ಯಾಮರಾಕ್ಕಿಂತ ಹಳೆಯದು. ಜಪಾನಿನ ಬಡಗಿಯ ಮಗ ಸಾಕಿಚಿ ಟೊಯೋಡಾ 1896ರಲ್ಲಿ ಮಾಡಿದ ಯಂತ್ರಮಗ್ಗ ಹೊಕ್ಕು ಹರಿದರೆ ತಾನೇ ನಿಲ್ಲುತ್ತಿತ್ತು. 1924ರ ಅವರ ಮಗ್ಗ ಹಾಸಿನ ಎಳೆ ಹರಿದರೂ ನಿಲ್ಲುತ್ತಿತ್ತು. ಅವರ ಮಗ 1937ರಲ್ಲಿ ಟೊಯೋಟಾ ಕಾರು ಕಂಪನಿ ಕಟ್ಟಿದರು. ಮಗ್ಗದಿಂದ ಬಂದ ಈ ವಿಚಾರವೇ ಕಾರಿನ ಕಾರ್ಖಾನೆಗೂ ಹೋಯಿತು. ಕ್ಯಾಮರಾ ಮಾಡುವುದು ಅದರ ಮುಂದಿನ ಕೆಲಸ. ಎಳೆ ಹರಿಯದೆ ಎಣ್ಣೆಯ ಕಲೆ ಬಿದ್ದರೂ ಅದು ಹಿಡಿಯಬಲ್ಲದು.

3. ಅದರ ದಡ್ಡತನ

ಮೇಲಿನ ಲೆಕ್ಕ ಬಿಳಿ ಬಟ್ಟೆಗೆ ಸರಿ. ಸೀರೆಯಲ್ಲಿ ಮೈ ಮುಗಿದು ಸೆರಗು ಸುರುವಾಗುತ್ತದೆ, ಬಣ್ಣ ಬದಲಾಗುತ್ತದೆ. ದಡ್ಡ ಕ್ಯಾಮರಾ ಅದನ್ನೂ ತಪ್ಪು ಎಂದು ತಿಳಿದು ಮಗ್ಗ ನಿಲ್ಲಿಸುತ್ತದೆ! ಆದ್ದರಿಂದ ಇಂದಿನ ಪದ್ಧತಿಯಲ್ಲಿ ಸರಿಯಾದ ಮತ್ತು ತಪ್ಪಾದ ಬಟ್ಟೆಯ ಬಹಳಷ್ಟು ಚಿತ್ರ ತೋರಿಸಿ ಯಂತ್ರಕ್ಕೆ ಕಲಿಸುತ್ತಾರೆ. “ಇದು ಸೆರಗು, ಇದು ಅಂಚು, ಇದು ಮಾತ್ರ ತಪ್ಪು” ಎಂದು ಹೇಳಿಕೊಡಬೇಕಾದವರು ಯಾರು? ಬಟ್ಟೆ ಬಲ್ಲ ನೇಕಾರರೇ. ಕಲಿಸಿದವರ ಕಣ್ಣು ಎಷ್ಟು ಚುರುಕೋ ಯಂತ್ರದ ಕಣ್ಣೂ ಅಷ್ಟೇ ಚುರುಕು. ಗಾಜಿನ ಮೇಲೆ ಹತ್ತಿಯ ಧೂಳು ಕುಂತರೆ, ಬೆಳಕು ಹೆಚ್ಚು ಕಡಿಮೆಯಾದರೆ ಅದು ಮೋಸ ಹೋಗುತ್ತದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಯಂತ್ರಕ್ಕೂ ಅನ್ವಯಿಸುತ್ತದೆ.

4. ಕೈ ಉಳಿಸುವ ಲೆಕ್ಕ

ಕೆಲವು ಕಾರ್ಖಾನೆಗಳಲ್ಲಿ ಯಂತ್ರದ ಬಾಯಿಗೆ ಕೈ ಹತ್ತಿರ ಬಂದರೆ ಕ್ಯಾಮರಾ ಕಂಡು ಯಂತ್ರ ನಿಲ್ಲಿಸುತ್ತದೆ. ಇದನ್ನು ಕಬ್ಬಿನ ಗಾಣಕ್ಕೆ ಹಚ್ಚಿದರೆ? ಲೆಕ್ಕ ಮಾಡೋಣ. ಕೈ ಸೆಕೆಂಡಿಗೆ 2 ಮೀಟರ್ ಓಡುತ್ತದೆ ಎಂದು ಹಿಡಿಯಿರಿ. ಯಂತ್ರ ನಿಲ್ಲಲು ಅರ್ಧ ಸೆಕೆಂಡು ಬೇಕಾದರೆ, 2 × 0.5 = 1 ಮೀಟರ್. ಅಂದರೆ ಕೈ ಒಂದು ಮೀಟರ್ ದೂರ ಇರುವಾಗಲೇ ಕ್ಯಾಮರಾ ಅದನ್ನು ಕಾಣಬೇಕು. ಭಾರದ ಉರುಳೆಗಳು ನಿಲ್ಲಲು 2 ಸೆಕೆಂಡು ತೆಗೆದುಕೊಂಡರೆ 4 ಮೀಟರ್ ಬೇಕು!

ಆದರೆ ಕಬ್ಬು ಹಾಕುವವನ ಕೈ ಗಾಣದ ಹತ್ತಿರವೇ ಇರುತ್ತದೆ. ಕ್ಯಾಮರಾ ಮೇಲಿಂದ ಮೇಲೆ ಗಾಣ ನಿಲ್ಲಿಸುತ್ತದೆ. ಬ್ಯಾಸರಾಗಿ ಯಾರೋ ಅದರ ಗುಂಡಿ ಬಂದ್ ಮಾಡಿಬಿಡುತ್ತಾರೆ. ಆಮೇಲೆ ಅದು ಇದ್ದೂ ಇಲ್ಲದಂತೆ. ಆದ್ದರಿಂದ ಉರುಳೆಯ ಬಾಯಿಗೆ ಗಟ್ಟಿ ಮುಚ್ಚಳ, ಕಬ್ಬು ದೂರದಿಂದ ಜಾರಿಸಲು ಉದ್ದನೆಯ ತೊಟ್ಟಿ, ಪಟ್ಟಾಕ್ಕೆ ಜಾಳಿಗೆ ಇವೇ ಮೊದಲು. ಮಗ್ಗದಿಂದ ಲಾಳಿ ಹಾರಿದರೂ ಅಷ್ಟೇ. ಕಣ್ಣು ಪಿಳಕಿಸುವುದರೊಳಗೆ ಅದು ಬಂದು ಬಡಿಯುತ್ತದೆ. ಕ್ಯಾಮರಾ ಕಂಡರೂ ಹಿಡಿಯಲಾರದು. ಅಲ್ಲಿ ಕಬ್ಬಿಣದ ತಡೆ ಸರಳೇ ಬೇಕು.

5. ಕಡೆಯ ಮಾತು

ಕ್ಯಾಮರಾ ಕಂಡದ್ದನ್ನು ಏನು ಮಾಡುತ್ತಾರೆ ಎಂಬುದು ದೊಡ್ಡ ಪ್ರಶ್ನೆ. ತಪ್ಪು ಕಂಡ ಕೂಡಲೇ ಮಗ್ಗ ನಿಲ್ಲಿಸಿದರೆ ಸೀರೆ ಉಳಿಯಿತು, ನೇಕಾರನ ಕೂಲಿಯೂ ಉಳಿಯಿತು. ಮಗ್ಗ ನಿಲ್ಲಿಸದೆ ಬರೀ ತಪ್ಪು ಎಣಿಸಿ ವಾರದ ಕೊನೆಗೆ ಕೂಲಿಯಲ್ಲಿ ಮುರಿದುಕೊಂಡರೆ, ಅದೇ ಕ್ಯಾಮರಾ ನೇಕಾರನಿಗೆ ವೈರಿ. ಯಂತ್ರ ಒಂದೇ, ಉಪಯೋಗ ಎರಡು. ಮೊದಲನೆಯದನ್ನು ಕೇಳಿ ಪಡೆಯಬೇಕಾದರೆ ಅದು ಹೇಗೆ ನೋಡುತ್ತದೆ ಎಂಬುದು ನೇಕಾರರ ಮಕ್ಕಳಾದ ನಮಗೆ ತಿಳಿದಿರಬೇಕು.

ಮಾಡಿ ನೋಡಿರಿ

ಅ) ಚೌಕದ ವಹಿಯಲ್ಲಿ 8 × 8 ಚೌಕ ಗೆರೆ ಎಳೆದು ‘ಕ’ ಅಕ್ಷರವನ್ನು ಕಪ್ಪು ಬಿಳುಪಿನಲ್ಲಿ ತುಂಬಿರಿ. ಕಪ್ಪಿಗೆ 0, ಬಿಳುಪಿಗೆ 1 ಬರೆದು ಅಂಕಿಗಳನ್ನಷ್ಟೇ ಗೆಳೆಯನಿಗೆ ಓದಿ ಹೇಳಿರಿ. ಅವನು ಅಕ್ಷರ ಗುರುತಿಸುವನೇ?

ಆ) ನಿಮಿಷಕ್ಕೆ 2 ಇಂಚು ನೇಯುವ ಮಗ್ಗದಲ್ಲಿ ತಪ್ಪು 4 ನಿಮಿಷ ಕಾಣಲಿಲ್ಲ. ಎಷ್ಟು ಅಂಕ?

ಇ) ನಿಮ್ಮ ಓಣಿಯ ಮಗ್ಗ, ಗಾಣ, ಹಿಟ್ಟಿನ ಗಿರಣಿಗಳಲ್ಲಿ ಮುಚ್ಚಳವಿಲ್ಲದ ಪಟ್ಟಾ ಎಷ್ಟಿವೆ? ದೂರದಿಂದಲೇ ನೋಡಿ ಎಣಿಸಿರಿ, ಮನೆಯ ಹಿರಿಯರಿಗೆ ಹೇಳಿರಿ.