ಕಿಟಕಿಗಳ ಮೇಲ್ವಿಚಾರಕ

ಬರೆಯುವ ಮೇಜಿನ ಮೇಲೆ ಹಲವು ಕಾಗದಗಳಿದ್ದಾಗ ಒಬ್ಬನು ಅವುಗಳನ್ನು ಒಂದರ ಮೇಲೊಂದು ಪೇರಿಸಿ, ಬೇಕಾದುದನ್ನು ಮೇಲಕ್ಕೆಳೆದುಕೊಳ್ಳುತ್ತಾನೆ. ಮತ್ತೊಬ್ಬನು ಎಲ್ಲವೂ ಕಣ್ಣಿಗೆ ಬೀಳುವಂತೆ ಪಕ್ಕಪಕ್ಕದಲ್ಲಿ ಹರಡಿಕೊಳ್ಳುತ್ತಾನೆ. ಗಣಕಯಂತ್ರದ ಪರದೆಯ ಮೇಲೂ ಇಂತಹ ಎರಡು ಪದ್ಧತಿಗಳುಂಟು. ಅಲ್ಲಿ ಪ್ರತಿಯೊಂದು ಕೆಲಸವೂ ತನ್ನದೇ ಆದ ಚೌಕಟ್ಟಿನಲ್ಲಿ ತೋರುತ್ತದೆ. ಈ ಚೌಕಟ್ಟಿಗೆ ವಿಂಡೋ, ಎಂದರೆ ಕಿಟಕಿ ಎಂದು ಹೆಸರು. ಕಿಟಕಿಗಳಿಗೆ ಅಂಚು ಕಟ್ಟಿ, ಸ್ಥಳವನ್ನು ಗೊತ್ತುಮಾಡಿ, ಅವುಗಳನ್ನು ಸರಿಸುವ ಮತ್ತು ಹಿಗ್ಗಿಸುವ ಹೊಣೆಯನ್ನು ಹೊತ್ತ ತಂತ್ರಾಂಶವೇ ವಿಂಡೋ ಮ್ಯಾನೇಜರ್.

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನ್ಮ ತಾಳಿತು. ಆಗ ಅದಕ್ಕೆ ಕಿಟಕಿಗಳಿರಲಿಲ್ಲ. ಆಜ್ಞೆಗಳನ್ನು ಅಕ್ಷರಗಳಲ್ಲಿಯೇ ಟೈಪು ಮಾಡಬೇಕಾಗಿತ್ತು. 1984ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯ ಕೆಲಸ ಆರಂಭವಾಯಿತು. ಅದನ್ನು ರಚಿಸಿದವರು ಒಂದು ಮಹತ್ವದ ನಿರ್ಧಾರವನ್ನು ಕೈಗೊಂಡರು. ಪರದೆಯ ಮೇಲೆ ಚಿತ್ರಿಸುವ ಸಾಧನವನ್ನು ಮಾತ್ರ ತಾವು ಒದಗಿಸಿ, ಕಿಟಕಿಗಳು ಹೇಗೆ ನಡೆದುಕೊಳ್ಳಬೇಕೆಂಬ ನಿಯಮವನ್ನು ಬೇರೊಂದು ತಂತ್ರಾಂಶಕ್ಕೆ ಬಿಟ್ಟುಕೊಟ್ಟರು. ಇದರಿಂದಾಗಿ ಬಳಕೆದಾರನು ಉಳಿದುದೇನನ್ನೂ ಕದಲಿಸದೆ ಮೇಲ್ವಿಚಾರಕನನ್ನು ಮಾತ್ರ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಪಡೆದನು.

ಈ ಸ್ವಾತಂತ್ರ್ಯದ ಫಲವಾಗಿ ಬಗೆಬಗೆಯ ವಿಂಡೋ ಮ್ಯಾನೇಜರುಗಳು ಹುಟ್ಟಿದವು. 1987ರಲ್ಲಿ ಟಾಮ್ ಲಾಸ್ಟ್ರೇಂಜ್ ಎಂಬಾತನು ರಚಿಸಿದ ಟಿಡಬ್ಲ್ಯೂಎಂ ಪೇರಿಸುವ ಪದ್ಧತಿಯದು. 1993ರಲ್ಲಿ ಅದರಿಂದಲೇ ಬೆಳೆದ ಎಫ್‌ವಿಡಬ್ಲ್ಯೂಎಂ, ಪರದೆಗಿಂತ ವಿಶಾಲವಾದ ಕಾಲ್ಪನಿಕ ಮೇಜನ್ನು ಒದಗಿಸಿತು. 2006ರ ಡಿಡಬ್ಲ್ಯೂಎಂ, 2009ರ ಐ3 ಮುಂತಾದವು ಹರಡುವ ಪದ್ಧತಿಯನ್ನು ಅನುಸರಿಸಿದವು. ಪೇರಿಸುವ ಪದ್ಧತಿಯನ್ನು ಕಲಿಯುವುದು ಸುಲಭ. ಆದರೆ ಒಂದು ಕಿಟಕಿ ಇನ್ನೊಂದನ್ನು ಮರೆಮಾಡುತ್ತದೆ. ಹರಡುವ ಪದ್ಧತಿಯಲ್ಲಿ ಮರೆಯಿಲ್ಲ, ಕೈ ಕೀಲಿಮಣೆಯನ್ನು ಬಿಟ್ಟು ಏಳಬೇಕಾಗಿಲ್ಲ; ಆದರೆ ಹಲವು ಕೀಲಿಗಳ ಜೋಡಣೆಯನ್ನು ಕಂಠಪಾಠ ಮಾಡಬೇಕು, ಕಿಟಕಿಗಳು ಹೆಚ್ಚಿದಂತೆ ಒಂದೊಂದೂ ಕಿರಿದಾಗುತ್ತದೆ.

ಗಾತ್ರದಲ್ಲಿಯೂ ಭೇದವುಂಟು. ಡಿಡಬ್ಲ್ಯೂಎಂನ ಮೂಲ ಬರಹವು ಎರಡು ಸಾವಿರ ಸಾಲುಗಳನ್ನು ಮೀರಬಾರದೆಂಬುದು ಅದರ ಕರ್ತೃಗಳ ವ್ರತ. ಅದನ್ನು ಮಾರ್ಪಡಿಸಬೇಕಾದರೆ ಆ ಬರಹವನ್ನೇ ತಿದ್ದಬೇಕು. 1996ರಲ್ಲಿ ಆರಂಭವಾದ ಕೆಡಿಇ, 1997ರ ಗ್ನೋಮ್ ಇವು ಸಮಗ್ರ ವ್ಯವಸ್ಥೆಗಳು. ಇವು ಹೆಚ್ಚು ಸ್ಮೃತಿಯನ್ನು ಬೇಡಿದರೂ ಹೊಸಬನನ್ನು ಕೈಹಿಡಿದು ನಡೆಸುತ್ತವೆ.

ಟೈಪು ಮಾಡಿದ ಅಕ್ಷರ ಯಾವ ಕಿಟಕಿಗೆ ಸೇರಬೇಕೆಂಬುದು ಮತ್ತೊಂದು ಪ್ರಶ್ನೆ. ಕೆಲವು ಮ್ಯಾನೇಜರುಗಳಲ್ಲಿ ಕಿಟಕಿಯನ್ನು ಮೌಸಿನಿಂದ ಒತ್ತಿ ಆರಿಸಬೇಕು. ಕೆಲವುಗಳಲ್ಲಿ ಮೌಸಿನ ಬಾಣ ಸುಳಿದರೆ ಸಾಕು. ಎರಡನೆಯದು ಶೀಘ್ರವಾದರೂ ಎಚ್ಚರವನ್ನು ಬೇಡುತ್ತದೆ. ಮೊಣಕೈ ತಗುಲಿ ಮೌಸ್ ಕದಲಿದರೆ, ಗುಪ್ತಪದವು ಗೆಳೆಯನಿಗೆ ಬರೆಯುತ್ತಿದ್ದ ಪತ್ರದೊಳಗೆ ಹೋಗಿ ಬೀಳಬಹುದು!

ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಎಕ್ಸ್ ವ್ಯವಸ್ಥೆಯಲ್ಲಿ ಒಂದು ಕಿಟಕಿಯಲ್ಲಿ ಟೈಪು ಮಾಡಿದುದನ್ನು ಬೇರೊಂದು ತಂತ್ರಾಂಶವು ಕದ್ದು ನೋಡಲು ಸಾಧ್ಯವಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಈ ದೋಷವನ್ನು ನಿವಾರಿಸಲು ಯತ್ನಿಸಿತು. ಅದರಲ್ಲಿ ಚಿತ್ರಗಳನ್ನು ಪರದೆಗೆ ತರುವ ಮತ್ತು ಕಿಟಕಿಗಳನ್ನು ಆಳುವ ಕೆಲಸಗಳೆರಡೂ ಸಾಮಾನ್ಯವಾಗಿ ಒಂದೇ ತಂತ್ರಾಂಶದ ಪಾಲಾದವು. ರಕ್ಷಣೆ ಹೆಚ್ಚಿತು, ಆದರೆ ಮೇಲ್ವಿಚಾರಕನನ್ನು ಮಾತ್ರ ಬದಲಿಸುವ ಹಳೆಯ ಸೌಲಭ್ಯ ಕುಗ್ಗಿತು.

ಹಾಗಾದರೆ ಇವುಗಳಲ್ಲಿ ಶ್ರೇಷ್ಠವಾವುದು? ಚಿತ್ರಕಾರನಿಗೆ ಒಪ್ಪುವ ಮೇಜು ಲೆಕ್ಕಿಗನಿಗೆ ಒಪ್ಪಬೇಕೆಂದಿಲ್ಲ. ತನ್ನ ಕೆಲಸದ ಸ್ವರೂಪವನ್ನು ಅರಿತು, ಗಳಿಸುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ತೂಗಿನೋಡಿ ಆರಿಸಿಕೊಳ್ಳುವವನೇ ಜಾಣನು. ಹಾಗೆ ತೂಗಿನೋಡದವನ ಪಾಲಿಗೆ ಆಯ್ಕೆಯನ್ನು ಬೇರೆ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ.